ನೀಲಿ ಬಾವುಟವನ್ನು ಯಾರೂ ದಾಟಲಿಲ್ಲ

ಮಾನ್ಯ ಸಂಪಾದಕರಲ್ಲಿ ಸವಿನಯ ವಿನಂತಿ. ನನ್ನ ಕೈಬರಹ ಅಂದವಾಗಿಲ್ಲ. ಒತ್ತಕ್ಷರಗಳಲ್ಲಿ ತಪ್ಪುಗಳೂ ಉಳಿದಿರಬಹುದು. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಬೆಳಗಾವಿ ಹತ್ತಿರದ ಮಚ್ಛೆಯ ಸಣ್ಣ ಕಾರ್ಖಾನೆಯೊಂದರ ಕಚೇರಿಯಲ್ಲಿ ಸರಕು ರವಾನೆಯ ಪತ್ರಗಳನ್ನು ಬರೆಯುವುದು ನನ್ನ ಕೆಲಸ. ಬೇರೆ ಬಗೆಯ ಬರವಣಿಗೆ ರೂಢಿಯಿಲ್ಲದ ಕಾರಣ ಈ ಅನುಭವವನ್ನೂ ಅದೇ ಕ್ರಮದಲ್ಲಿ ತಮ್ಮ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ.

ವಿಷಯವೇನೆಂದರೆ, ಕಳೆದ ವರ್ಷ ಚಳಿಗಾಲದ ಒಂದು ಭಾನುವಾರ ಬೆಳಗಾವಿಯಲ್ಲಿ ಐದು ಕಿಲೋಮೀಟರ್ ಓಟವೊಂದನ್ನು ಏರ್ಪಡಿಸಲಾಗಿತ್ತು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸುವುದು ಅದರ ಉದ್ದೇಶ. ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಶ್ರಾವಣಿಗೂ ಅದೇ ಕಾಯಿಲೆ ಇದೆ. ಪ್ರತಿ ಊಟಕ್ಕೆ ಮುಂಚೆ ಅವಳು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮನೆಯಲ್ಲಿ ಧೈರ್ಯವಾಗಿಯೇ ಚುಚ್ಚಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಮಾತ್ರ ಯಾರ ಕಣ್ಣಿಗೂ ಬೀಳಬಾರದೆಂದು ಶೌಚಾಲಯದ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಹುಡುಗಿಯರ ಸಾಲು ಇದ್ದ ದಿನ ಚುಚ್ಚಿಕೊಳ್ಳದೆ, ಉಣ್ಣದೆ, ತುಂಬಿದ ಡಬ್ಬಿಯನ್ನು ಹಾಗೆಯೇ ಮನೆಗೆ ತರುತ್ತಿದ್ದಳು. ಅಂಥ ಸಂಜೆಗಳಲ್ಲಿ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ವೈದ್ಯರು ಹೇಳಿದರು, ನಾನು ಬೇಡಿಕೊಂಡೆ, ಉಪಯೋಗವಾಗಲಿಲ್ಲ.

ಓಟದ ಸುದ್ದಿ ಬಂದಾಗ ಅವಳು ನನ್ನನ್ನೇ ಹಿಡಿದಳು.

"ಮಂದಿ ಮುಂದ ಚುಚ್ಚಗೋ ಅಂತೀಯಲ್ಲಾ, ನೀ ಮಂದಿ ಮುಂದ ಓಡಿ ತೋರ್ಸು ನೋಡೂಣು."

"ನಾನ? ಬಸ್ ಹೊಂಟ್ರೂ ಓಡಿದಾಕಿ ಅಲ್ಲ ನಾ."

"ಅದಕ್ಕ ಹೇಳಿದ್ದು. ನಡ್ಕೋತ ಹೋದ್ರೂ ನಡೀತೈತಿ, ಗಾಡಿ ಹತ್ತಬಾರ್ದು, ಕಡೀ ಕಮಾನು ದಾಟಬೇಕು. ದಾಟಿದ್ರ ನಾನೂ ಎಲ್ಲಾರ ಮುಂದ ಚುಚ್ಚಗೋತೀನಿ. ಇಲ್ಲಂದ್ರ ಮತ್ತ ಈ ಮಾತು ತಗೀಬಾರ್ದು."

ನಾನು ಒಪ್ಪಿಕೊಂಡೆ. ಬಳಿಕ ಹೆದರಿ ಖಾನಾಪುರದಲ್ಲಿರುವ ಅತ್ತೆಯವರಿಗೆ ಫೋನ್ ಮಾಡಿದೆ. ಅವರು ಪ್ರತಿ ಆಷಾಢದಲ್ಲಿ ದಿಂಡಿಯ ಜೊತೆ, ಅಂದರೆ ಭಜನೆ ಮಾಡುತ್ತ ನಡೆಯುವ ಯಾತ್ರಿಕರ ತಂಡದ ಜೊತೆ, ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು.

"ಐದ ಕಿಲೋಮೀಟರಾ? ಅಷ್ಟು ದೂರ ನಾವು ಚಾ ಕುಡ್ಯಾಕ ಹೋಗ್ತೀವಿ. ತಡಿ, ನಾವೂ ಬರ್ತೀವಿ" ಎಂದರು.

"ನಾವು" ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ನೆಹರು ನಗರದಲ್ಲಿ ಓಟ ಹೊರಡುವ ಜಾಗಕ್ಕೆ ಒಂದು ಟೆಂಪೋ ಬಂದು ನಿಂತಿತು. ಅದರಿಂದ ಕಚ್ಚೆ ಸೀರೆ, ಕ್ಯಾನ್ವಾಸ್ ಬೂಟು ತೊಟ್ಟ, ಕೊರಳಲ್ಲಿ ತಾಳ ಕಟ್ಟಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಇಡೀ ದಿಂಡಿಯೇ ಹೆಸರು ನೋಂದಾಯಿಸಿಕೊಂಡು ಬಂದಿತ್ತು.

"ಆಯಿ ಇಡೀ ಖಾನಾಪುರಾನ ಕರ್ಕೊಂಡ ಬಂದಾಳ" ಎಂದು ಶ್ರಾವಣಿ ಅಜ್ಜಿಯನ್ನು ಕಂಡು ಅಪ್ಪನ ಬೆನ್ನ ಹಿಂದೆ ಸರಿದಳು.

ಕಾಯಿಲೆಯಿರುವ ಮಕ್ಕಳ ಮನೆಯವರಿಗೆ ಸಂಘಟಕರು ಒಂದೊಂದು ನೀಲಿ ಬಾವುಟ ಕೊಟ್ಟರು. ನನ್ನ ಕೈಗೆ ಬಾವುಟ ಬಂದ ಕೂಡಲೇ ಅತ್ತೆಯವರು ನನಗೆ ಕೈಮುಗಿದು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಉಳಿದವರೂ ಸರಿದು ಸಾಲಾಗಿ ನಿಂತರು. ಏಕೆಂದು ನನಗೆ ಆಗ ಹೊಳೆಯಲಿಲ್ಲ.

ಸೀಟಿ ಊದಿದರು. ಬೇರೆಯವರೆಲ್ಲ ನಮ್ಮನ್ನು ದಾಟಿ ಓಡಿದರು. ನಾನು ಸ್ವಲ್ಪ ಓಡಿದೆ, ಏದುಸಿರು ಬಂದು ನಡೆದೆ. ತಿರುಗಿ ನೋಡಿದರೆ ನಮ್ಮ ದಿಂಡಿ ಬೆನ್ನ ಹಿಂದೆಯೇ ಇದೆ.

"ಅತ್ತೀ, ನೀವು ಮುಂದ ಹೋಗ್ರಿ. ನಿಮಗ ನಡದು ರೂಢಿ ಐತಿ."

"ಧ್ವಜಾ ದಾಟಿ ಹೆಂಗ ಹೋಗೂದು?"

"ಇದು ದಿಂಡಿ ಅಲ್ರೀ, ಓಟ."

"ಹತ್ತ ಮಂದಿ ಕೂಡಿ ಒಂದ ಕಡೆ ಹೊಂಟ್ರ ಅದು ದಿಂಡಿನ. ನೀ ನಡಿ ಸುಮ್ಮನ."

ದಿಂಡಿಯಲ್ಲಿ ಧ್ವಜ ಹಿಡಿದವರು ಮುಂದೆ. ಅವರನ್ನು ದಾಟಿ ಯಾರೂ ಹೆಜ್ಜೆ ಇಡುವಂತಿಲ್ಲ. ಹೀಗಾಗಿ ವರ್ಷವರ್ಷವೂ ನೂರಾರು ಮೈಲಿ ನಡೆಯುವವರು ಆಮೆಯಂಥ ನನ್ನ ಹಿಂದೆ ತಾಳ ಬಾರಿಸುತ್ತ ಬಂದರು.

ರಾಮತೀರ್ಥ ನಗರದಲ್ಲಿ, ನಮ್ಮದೇ ಬೀದಿಯ ತುದಿಯಲ್ಲಿ, ಹಿಂದಿರುಗುವ ತಿರುವಿತ್ತು. ನೆರೆಹೊರೆಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಪಕ್ಕದ ಮನೆಯ ಬೀಬಿಜಾನ್ ಆಪಾ ನೀರಿನ ತಂಬಿಗೆ ಹಿಡಿದು ನನ್ನನ್ನು ಕೇಳಿದರು: "ಏನ್ರೀ ಬಾಯಿ, ಮೊಮ್ಮಕ್ಕಳು ಆಗೂ ವಯಸ್ಸಿನ್ಯಾಗ ಸಾಲಿ ತಪ್ಪಿಸ್ಕೊಂಡ ಹೊಂಟೀರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮುಖ ಬಿಸಿಯಾಗಿ, ಬೀದಿ ದಾಟುವುದರೊಳಗೆ ಕಾಲಿನ ಮೀನಖಂಡ ಹಿಡಿದುಕೊಂಡು ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ದಿಂಡಿಯೂ ಕುಳಿತುಕೊಂಡಿತು. ವಯಸ್ಸಾದ ಒಬ್ಬರು ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದರು.

ಅಷ್ಟರಲ್ಲಿ ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನು ಬಂತು. ಅದರಲ್ಲಿದ್ದ ಸ್ವಯಂಸೇವಕರೊಬ್ಬರು ಇಳಿದು, "ಹತ್ರೀ ಅಕ್ಕಾರ, ಕಮಾನು ಬಿಚ್ಚೂ ಹೊತ್ತಾತು" ಎಂದರು.

ನಾನು ಎದ್ದು ವ್ಯಾನಿನ ಬಾಗಿಲ ಮೇಲೆ ಕೈ ಇಟ್ಟಿದ್ದು ನಿಜ. "ಅತ್ತೀ, ನನ್ನ ಕೈಲೆ ಆಗೂದಿಲ್ಲ. ಬಾವುಟ ನೀವು ಹಿಡೀರಿ" ಎಂದೆ.

"ಹತ್ತು" ಎಂದರು ಅತ್ತೆಯವರು. "ಧ್ವಜಾ ಹತ್ತಿದ್ರ ನಾವೂ ಹತ್ತಬೇಕು. ಇಷ್ಟು ವರ್ಷದಾಗ ನಮ್ಮ ದಿಂಡಿ ಗಾಡಿ ಹತ್ತಿಲ್ಲ. ಇವತ್ತ ಹತ್ತೇತಿ ಅಂತ ಊರಾಗ ಹೇಳ್ತೀನಿ."

ಹಿಂದಿನಿಂದ ಇನ್ನೊಬ್ಬರು, "ಇಲ್ಲೇ ಕುಂದ್ರೂಣ ಬಿಡ್ರಿ. ನಾ ಚುರುಮುರಿ ತಂದೀನಿ, ಸಂಜಿ ಮಟಾ ಸಾಕಾಗ್ತೈತಿ" ಎಂದರು.

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಬಾಗಿಲಿಂದ ಕೈ ತೆಗೆದೆ. ಅತ್ತೆಯವರು ಸ್ವಯಂಸೇವಕರಿಗೆ, "ನೀವು ನಡೀರಿ ಮಾವುಲಿ, ನಾವು ಬರ್ತೀವಿ" ಎಂದರು. ಮಾವುಲಿ ಎಂದರೆ ತಾಯಿ. ದಿಂಡಿಯವರು ಗಂಡಸರನ್ನೂ ಹಾಗೆಯೇ ಕರೆಯುತ್ತಾರೆ. ಮೀಸೆಯ ಆ ಮಹನೀಯರು ವ್ಯಾನು ಹತ್ತಿ ನಿಧಾನವಾಗಿ ನಮ್ಮ ಹಿಂದೆ ಬಂದರು.

ನೆಹರು ನಗರದ ಕೊನೆಯ ತಿರುವಿನಲ್ಲಿ ದೂರದಲ್ಲಿ ಕಮಾನು ಕಂಡಿತು. ಒಂದು ಬದಿಯ ಹಗ್ಗವನ್ನು ಆಗಲೇ ಬಿಚ್ಚುತ್ತಿದ್ದರು. ಅದೇ ಕ್ಷಣಕ್ಕೆ ಹಿಂದಿನಿಂದ ಅತ್ತೆಯವರ ಧ್ವನಿ ಕೇಳಿತು: "ಕಳಸ ಕಾಣ್ತು. ಧಾವಾ."

ಪಂಢರಪುರದ ಗುಡಿಯ ಕಳಸ ದೂರದಿಂದ ಕಂಡೊಡನೆ ಎಷ್ಟೇ ದಣಿದಿದ್ದರೂ ಎಲ್ಲರೂ ಓಡುವುದು ಅವರ ಸಂಪ್ರದಾಯ. ಅದಕ್ಕೆ ಧಾವಾ ಎನ್ನುತ್ತಾರೆ. ಇಷ್ಟು ಹೊತ್ತು ನನ್ನ ಹಿಂದೆ ಸಾವಧಾನವಾಗಿ ಬಂದ ಹೆಂಗಸರು ಕಚ್ಚೆ ಬಿಗಿದು ಓಡತೊಡಗಿದರು. ಆದರೆ ಧ್ವಜವನ್ನು ದಾಟುವಂತಿಲ್ಲ. ಅವರ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು. ನಾನು ಓಡದಿದ್ದರೆ ಅವರೆಲ್ಲ ನನ್ನ ಮೇಲೆಯೇ ಬೀಳುತ್ತಿದ್ದರು. ಹಾಗಾಗಿ ಓಡಿದೆ. ಮಾನ್ಯರೆ, ನನ್ನ ಜೀವಮಾನದಲ್ಲಿ ನಾನು ಹಾಗೆ ಓಡಿರಲಿಲ್ಲ.

ನಮ್ಮನ್ನು ಕಂಡು ಹಗ್ಗ ಬಿಚ್ಚುತ್ತಿದ್ದವರು ಕಂಬವನ್ನು ಕೈಯಿಂದಲೇ ಎತ್ತಿ ಹಿಡಿದರು. ವಾಲಿದ ಆ ಕಮಾನಿನ ಕೆಳಗೆ ಬಾವುಟ ಮೊದಲು, ದಿಂಡಿ ನಂತರ ದಾಟಿತು. ನಮ್ಮ ಹಿಂದೆ ಇದ್ದದ್ದು ವ್ಯಾನು ಮಾತ್ರ.

ಬಳಿಕ ಉಪ್ಪಿಟ್ಟು ಕೊಟ್ಟರು. ದಿಂಡಿಯವರು ನೆರಳಿನಲ್ಲಿ ಪಂಕ್ತಿಯಾಗಿ ಕುಳಿತು, ಅಪ್ಪನ ಜೊತೆ ಕಮಾನಿನ ಬಳಿ ಕಾಯುತ್ತಿದ್ದ ಶ್ರಾವಣಿಯನ್ನೂ ನಡುವೆ ಕೂರಿಸಿಕೊಂಡರು. ಅವಳು ತಟ್ಟೆ ನೋಡಿದಳು. ಮೈದಾನದಾಚೆಯ ಶೌಚಾಲಯ ನೋಡಿದಳು. ನನ್ನನ್ನು ನೋಡಿದಳು. ನಾನು ಇನ್ನೂ ಏದುಸಿರು ಬಿಡುತ್ತಿದ್ದೆ. ಅವಳು ಚೀಲದಿಂದ ಇನ್ಸುಲಿನ್ ಪೆನ್ನು ತೆಗೆದು, ಅಂಗಿಯ ಅಂಚನ್ನು ಸ್ವಲ್ಪ ಎತ್ತಿದಳು.

ಪಂಕ್ತಿಯಲ್ಲಿ ಎಲ್ಲರೂ ಸಿದ್ಧರಾಗುವ ತನಕ ಯಾರೂ ತುತ್ತು ಎತ್ತಬಾರದು. ಬಾಯಿಯ ಹತ್ತಿರ ಹೋಗಿದ್ದ ಕೈಗಳೂ ತಟ್ಟೆಗೆ ಮರಳಿದವು. ಕಾಲು ನೀವಿದ್ದ ಮುದುಕಿ ಬಗ್ಗಿ ನೋಡಿ ಕೇಳಿದರು: "ನೋಯ್ತೈತೇನವಾ?"

"ಇರವಿ ಕಡದಂಗ, ಆಯಿ."

"ನಾ ಆಗಿದ್ರ ಟೆಂಪೋದ ಬುಡಕ ಅಡಗತಿದ್ನಿ."

ಶ್ರಾವಣಿ ನಕ್ಕಳು. ಸೂಜಿ ತೆಗೆದು ಮುಚ್ಚಳ ಹಾಕಿದಳು. ಅತ್ತೆಯವರು ಅವಳಿಗೆ, "ಆತೇನು ಮಾವುಲಿ? ಹಂಗಾರ ಉಣ್ಣೂಣು" ಎಂದರು. ಆಗ ಎಲ್ಲರೂ ಉಂಡರು.

ಈಗ ಶಾಲೆಯಿಂದ ಡಬ್ಬಿ ಖಾಲಿಯಾಗಿ ಬರುತ್ತಿದೆ. ಅವಳ ಸೂಜಿ ಆಗುವ ತನಕ ಗೆಳತಿಯರು ಯಾರೂ ಡಬ್ಬಿ ತೆರೆಯುವುದಿಲ್ಲವಂತೆ. ಪಂಕ್ತಿಯ ನಿಯಮವನ್ನು ಅವಳೇ ಅವರಿಗೆ ಕಲಿಸಿದ್ದಾಳೆ. ಮಧ್ಯಾಹ್ನ ಕಾರ್ಖಾನೆಯಲ್ಲಿ ನನ್ನ ಡಬ್ಬಿ ಬಿಚ್ಚುವಾಗ ನಾನೂ ಒಂದು ಕ್ಷಣ ತಡೆಯುತ್ತೇನೆ. ಈಗ ಅವಳದು ಆಗಿರಬೇಕು ಎಂದುಕೊಂಡು ಮೊದಲ ತುತ್ತು ಎತ್ತುತ್ತೇನೆ.

ಇಲ್ಲಿಗೆ ನನ್ನ ನಿವೇದನೆ ಮುಗಿಯಿತು. ಇದರಲ್ಲಿ ಕಂಡುಬರುವ ತಪ್ಪುಗಳನ್ನು ತಾವೂ ಓದುಗರೂ ದಯಮಾಡಿ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.