ನಾಲ್ಕನೆಯ ಸಾಲು ಬಿಡದ ದೊಡ್ಡವ್ವ

ದೊಡ್ಡವ್ವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಉಳಿ ಹಿಡಿದಿದ್ದಾಗ ಸುತ್ತಿಗೆ ಜಾರಿ, ಹೋದ ಉಗುರು ಮತ್ತೆ ಬೆಳೆಯಲೇ ಇಲ್ಲ. ಆ ಮೊಂಡು ಬೆರಳಿನಿಂದಲೇ ಹಿತ್ತಾಳೆ ತಂಬಿಗೆಯ ಮೇಲೆ ತಾಳ ಹಾಕಿ ಆಕೆ ಯೇಸುವಿನ ಹಾಡು ಕಟ್ಟುತ್ತಿದ್ದಳು.

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ನಾನು ಆಕೆಯ ತಂಗಿಯ ಮಗಳು. ಶಾಲೆಯಲ್ಲಿ ನೌಕರಿ ಸಿಕ್ಕ ಹೊಸದರಲ್ಲಿ ಆಕೆಯ ಮನೆಯಲ್ಲೇ ಉಳಿದಿದ್ದೆ. ಸಂಜೆ ರೊಟ್ಟಿ ಬಡಿಯುತ್ತ ಆಕೆ ಹಾಡು ಹೇಳಬೇಕು, ನಾನು ಬರೆದುಕೊಳ್ಳಬೇಕು. ರೊಟ್ಟಿ ಹರಿದರೆ ಅದಕ್ಕೂ ದೇವರೊಡನೆ ಜಗಳ: "ಐದು ರೊಟ್ಟ್ಯಾಗ ಐದು ಸಾವಿರ ಮಂದೀಗಿ ಉಣಿಸಿದಿ ಯೇಸಪ್ಪ, ನನ್ನದೊಂದು ನೆಟ್ಟಗ ಏಳವಲ್ದಲ್ಲೋ!"

ಮೊದಲ ಹಾಡನ್ನೇ ನಾನು ತಿದ್ದಿದೆ. 'ಕುಂತಾನ' ಎಂದದ್ದನ್ನು 'ಆಸೀನನಾದನು' ಎಂದು ಬರೆದು ಓದಿ ಹೇಳಿದೆ. ಆಕೆ ಕೈಯ ಹಿಟ್ಟು ಒರೆಸಿಕೊಂಡಳು.

"ಇಂವ ಯಾರು? ನಮ್ಮಂವ ಬಿಸಿಲಾಗ ಕುಂತಾನ. ನಿಮ್ಮಂವ ಕುರ್ಚಿ ಹಾಕ್ಲಿ ಅಂತ ಕಾಯಾಕತ್ತಾನ. ಹೊಡದು ಹಾಕು."

ಹೊಡೆದು ಹಾಕಿದೆ. ಆಮೇಲೆ ಆಕೆ ಹೇಳಿದಂತೆಯೇ ಬರೆದ ಹಾಡು ಇದು:

ಫರಸಿ ಕಡಿಯಾಕ ಬಂದಾನ ಯೇಸಪ್ಪ
ಬಿಸಿಲಾಗ ಕುಂತಾನ ನಮ್ಮ ಬಾಜು
ನನ್ನ ರೊಟ್ಟಿ ಮುರದು ಅರ್ಧ ತಿಂದಾನ
ಮುಟ್ಟಿದ ಕೈಯ ತೊಳಕೊಳಲಿಲ್ಲ

ಚರ್ಚಿನ ನೆಲಕ್ಕೆ ಕಲ್ಲು ದಾನ ಕೊಟ್ಟಿದ್ದ ಖಣಿ ಮಾಲೀಕರನ್ನು ಆ ಸಲ ಕ್ರಿಸ್ಮಸ್ಸಿಗೆ ಕರೆದಿದ್ದರು. ಅವರ ಖಣಿಯಲ್ಲಿ ನಮ್ಮವರಿಗೆ ಕುಡಿಯುವ ನೀರನ್ನು ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ದೊಡ್ಡವ್ವನೇ; ಆ ಸಲ ಹೆಂಗಸರಿಗೆ ಈ ಹಾಡನ್ನೇ ಕಲಿಸಿದ್ದಳು. ಹಬ್ಬಕ್ಕೆ ಎರಡು ದಿನ ಮೊದಲು ಪಾದ್ರಿಗಳು ಮನೆಗೆ ಬಂದರು. ಮೈಸೂರು ಕಡೆಯವರು, ಮೆದು ಮಾತಿನವರು.

"ಹಾಡು ಚೆನ್ನಾಗಿದೆ ಅಮ್ಮಾ. ನಾಲ್ಕನೆಯ ಸಾಲು ಮಾತ್ರ ಬಿಟ್ಟುಬಿಡಿ. ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ."

"ಹಚ್ಕೊಳ್ಳಿ ಅಂತೇ ಕಟ್ಟೀನ್ರಿ ಅಯ್ಯನೋರೆ. ಆ ಸಾಲು ಹೇಳಾಕಂತೇ ಉಳಿದ ಮೂರು ಕಟ್ಟೀನಿ."

ಅವರು ಹೋದ ಮೇಲೆ ನಾನೂ ಅಂದೆ: "ದೊಡ್ಡವ್ವ, ಕೆಲಸ ಹೋಗ್ತದ."

"ಹೋಗ್ಲಿ. ಬಾಯಿ ನಂದದ."

ಹಬ್ಬದ ಮುಂಜಾನೆ ಆಕೆ ಆ ಸಾಲನ್ನು ಮಾಲೀಕರ ಮುಖ ನೋಡಿಕೊಂಡೇ ಹಾಡಿದಳು. ಒಂದಲ್ಲ, ಮೂರು ಸಲ. ಮೂರನೆಯ ಸಲ ಹಿಂದಿದ್ದ ಹೆಂಗಸರೆಲ್ಲ ದನಿ ಕೂಡಿಸಿದರು. ಮಾಲೀಕರು ಎದ್ದು ಹೊರಟುಹೋದರು.

ಮರುದಿನವೇ ಕೂಲಿಗಳ ಮೇಲಿನ ಮುಕಾದಮ ಬಂದು, ಇನ್ನು ಖಣಿಗೆ ಬರಬೇಡ ಅಂದ. ಹಾಡು ಎತ್ತಿಕೊಡುವ ಕೆಲಸವನ್ನೂ ಚರ್ಚಿನ ಹಿರಿಯರು ಆಕೆಯಿಂದ ಬಿಡಿಸಿದರು.

ಭಾನುವಾರ ಪಾದ್ರಿಗಳು ಪುಸ್ತಕ ನೋಡಿ ತಾವೇ ಹಾಡು ಎತ್ತಿದರು. ಒಬ್ಬ ಹೆಂಗಸೂ ತುಟಿ ತೆರೆಯಲಿಲ್ಲ. ದೊಡ್ಡವ್ವ ಮುಂದಿನ ಸಾಲಿನಲ್ಲೇ ಸುಮ್ಮನೆ ಕೂತಿದ್ದಳು. ಹೀಗೆಯೇ ಮೂರು ಭಾನುವಾರ ಕಳೆದವು. ಮೂರನೆಯದರಂದು ಪಾದ್ರಿಗಳು ಬಾಗಿಲಲ್ಲಿ ಆಕೆಯನ್ನು ತಡೆದರು.

"ನೀವು ಹೇಳಿದರೆ ಹಾಡುತ್ತಾರೆ ಅಮ್ಮಾ."

"ಹಾಡಬ್ಯಾಡ್ರಿ ಅಂತ ನಾ ಯಾರಿಗೂ ಹೇಳಿಲ್ರಿ. ಹಾಡ್ರಿ ಅಂತ ಹ್ಯಾಂಗ ಹೇಳ್ಲಿ? ಆ ಕೆಲಸ ನೀವೇ ಬಿಡಿಸೀರಿ."

ಮುಂದಿನ ವಾರ ಅವರು ಪುಸ್ತಕ ಮುಚ್ಚಿ, ಕೆಳಗಿಳಿದು ಆಕೆಯ ಎದುರಿಗೆ ನಿಂತರು. "ತಪ್ಪಾಯ್ತು ಅವ್ವಾ. ಪೂರ್ತಿ ಹಾಡ್ರಿ." ನಮ್ಮ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಖಣಿಯ ಕೆಲಸ ಮಾತ್ರ ತಿರುಗಿ ಸಿಗಲಿಲ್ಲ. ವಾಡಿಯ ಕಡೆ ಸುಣ್ಣದ ಭಟ್ಟಿಗೆ ಹೋಗತೊಡಗಿದಳು. ಏಳೆಂಟು ವರ್ಷದಲ್ಲಿ ಕೆಮ್ಮು ಆಕೆಯನ್ನು ತಿಂದುಹಾಕಿತು. ಆ ಒಂದು ಸಾಲಿಗಾಗಿ ಇಷ್ಟು ಬೇಕಿತ್ತೇ ಎಂದು ಒಮ್ಮೆ ಕೇಳಿದ್ದೆ. "ಕೆಲಸ ಇನ್ನೊಂದು ಸಿಕ್ತಲ್ಲ. ಆ ಸಾಲು ಬಿಟ್ಟಿದ್ರ ಮತ್ತ ಬಾಯಿಗಿ ಬರ್ತಿದ್ದಿಲ್ಲ" ಅಂದಳು.

ಆಸ್ಪತ್ರೆಯಲ್ಲಿ ನಾನು ನೋಟುಬುಕ್ಕು ತೆಗೆದರೆ ಕೈಯಿಂದ ಸರಿಸಿದಳು. "ನಂದು ಸಾಕು. ಇನ್ನ ನೀ ಕಟ್ಟು."

"ನನಗ ಬರೂದಿಲ್ಲ ದೊಡ್ಡವ್ವ."

"ನನ್ನ ಜೋಡಿ ಮಾತಾಡ್ತಿಯಿಲ್ಲ? ಹಂಗೇ ಆತನ ಜೋಡಿನೂ ಮಾತಾಡು."

ಮೂರು ದಿನಕ್ಕೆ ತೀರಿಕೊಂಡಳು. ಮಣ್ಣು ಕೊಟ್ಟ ಮೇಲೆ, ಆ ಮುಂಜಾನೆ ನಾನೇ ಕಟ್ಟಿದ ನಾಲ್ಕು ಸಾಲು ಹಾಡಲು ನಿಂತೆ. ಎರಡು ಸಾಲು ಹಾಡಿ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಪಾಪ, ನನಗೆ ಕಷ್ಟವಾಗಬಾರದೆಂದು ಹಿಂದಿನಿಂದ ಯಾರೋ ಪುಸ್ತಕದ ಹಾಡು ಎತ್ತಿದರು.

"ನಿಂದರ್ರಿ, ಇನ್ನೂ ಎರಡು ಸಾಲು ಅದಾವ" ಅಂದೆ. ಎರಡನ್ನೂ ಹಾಡಿದೆ.