ತನ್ನ ನೋವನ್ನು ತಾನೇ ಗಾಜಿಗೇರಿಸಿದಾಕೆ

ಬೆಳಕು ಹರಿಯುವ ಮುನ್ನವೇ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ದೀಪ ಹತ್ತಿದೆ. ಮಂಜುಗಡ್ಡೆಯ ಮೇಲೆ ಮೇಣದ ಅಚ್ಚುಗಳು ತಣ್ಣಗಾಗುತ್ತಿವೆ. ಒಂದೊಂದರೊಳಗೂ ಯಾರದೋ ಮೈಯ ಚೂರು. ಲ್ಯಾಬಿನ ತಂತ್ರಜ್ಞೆಯಾದ ಆಕೆ ಒಂದನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸುತ್ತಾರೆ. ಅಲಗಿನಿಂದ ಈರುಳ್ಳಿ ಪೊರೆಗಿಂತ ತೆಳುವಾದ ಪಟ್ಟಿ ಇಳಿಯುತ್ತದೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಉಸಿರು ಬಿಗಿಹಿಡಿದು ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ.

"ಸೀನು ಬಂದ್ರೆ ಕೆಟ್ಟೆ. ಅಷ್ಟೂ ಹಾರ್ಹೋಗುತ್ತೆ," ಎಂದು ನಗುತ್ತಾರೆ.

ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ವೈದ್ಯರು ಹೇಳಬೇಕಾದರೆ ಮೊದಲು ಈ ಕೈ ಆಡಬೇಕು. ರೋಗಿಗಳ್ಯಾರೂ ಈಕೆಯ ಮುಖ ಕಂಡವರಲ್ಲ.

ಈಕೆಯ ನೋವನ್ನೂ ಯಾರೂ ಕಂಡಿರಲಿಲ್ಲ. ಮೈನೆರೆದಾಗಿನಿಂದ ತಿಂಗಳು ತಿಂಗಳೂ ಹೊಟ್ಟೆಯೊಳಗೆ ಒದ್ದೆ ಬಟ್ಟೆ ಹಿಂಡಿದ ಹಾಗೆ. ಬಿಸಿನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದಾರೆ. "ಅಮ್ಮ, 'ನಾವೆಲ್ಲ ಹೆಂಗಸರಲ್ವೇನೇ, ಹಲ್ಲು ಕಚ್ಕೊಂಡಿರು' ಅಂದ್ರು. ಅತ್ತೆ, ಮೈಗಳ್ಳಿ ಅಂದ್ರು. ನಮ್ಮನೆಯವರು ಟಿವಿ ಸೌಂಡ್ ಜಾಸ್ತಿ ಮಾಡ್ಕೊಂಡ್ರು. ಡಾಕ್ಟ್ರು, ಮಗು ಆದ್ರೆ ಸರಿಹೋಗುತ್ತೆ ಅಂದ್ರು. ಮಗು ಆದ್ರೆ ತಾನೇ!"

ಕೊನೆಗೊಂದು ದಿನ ಲ್ಯಾಬಿನಲ್ಲೇ ಕುಸಿದರು. ಗರ್ಭಕೋಶದ ಒಳಪೊರೆ ಅದರದೇ ಸ್ನಾಯುಗೋಡೆಯೊಳಗೆ ಹೊಕ್ಕು ಬೆಳೆದಿತ್ತು. ಅಂಥದೇ ಪೊರೆ ಹೊರಗೆ ಕರುಳಿನ ಮೇಲೂ ಕಚ್ಚಿಕೊಂಡಿತ್ತು. ಗರ್ಭಕೋಶವನ್ನೇ ತೆಗೆದರು.

ಆಕೆ ಕೆಲಸಕ್ಕೆ ಮರಳಿದ ಮೇಲೆ, ಇಂಥ ಗರ್ಭಕೋಶಗಳಲ್ಲಿ ರೋಗನಿರೋಧಕ ಕಣಗಳ ಪಾತ್ರವೇನೆಂದು ಲ್ಯಾಬಿನ ವೈದ್ಯೆ ಅಧ್ಯಯನ ಶುರುಮಾಡಿದರು. ಹಳೆಯ ಅಚ್ಚುಗಳನ್ನು ಮತ್ತೆ ಸೀಳಬೇಕಿತ್ತು. ತಮ್ಮ ಗರ್ಭಕೋಶದ ಚೂರು ಬಳಸಲು ಒಪ್ಪಿಗೆ ಕೊಟ್ಟವರ ಪೈಕಿ ಈಕೆಯೂ ಒಬ್ಬರು.

"ನಿಮ್ಮದನ್ನ ಬೇರೆಯವರ ಕೈಲಿ ಮಾಡಿಸ್ತೀನಿ, ಬಿಡಿ," ಅಂದರು ವೈದ್ಯೆ.

"ಬೇರೆಯವರು ದಪ್ಪ ಕೊಯ್ತಾರೆ ಮೇಡಂ, ಕೊಡಿ ಇಲ್ಲಿ."

ತಾವೇ ಕೊಯ್ದು ಸ್ಲೈಡಿಗೇರಿಸಿದರು. ಬಣ್ಣ ಹಾಕಿದ ಮೇಲೆ ವೈದ್ಯೆ ಈಕೆಯನ್ನೇ ಸೂಕ್ಷ್ಮದರ್ಶಕದೆದುರು ಕೂರಿಸಿದರು. ಪೊರೆಯ ಸುತ್ತ ಕಂದು ಚುಕ್ಕೆಗಳು ಮುತ್ತಿಕೊಂಡಿದ್ದವು. "ಇವು ಕಸ ತಿಂದು ಮೈ ಕಾಯೋ ಕಣಗಳು," ಅಂದರು ವೈದ್ಯೆ. "ದಾರಿ ತಪ್ಪಿದ ಪೊರೆನ ತಿಂದು ಮುಗಿಸ್ಬೇಕಿತ್ತು. ಈ ರೋಗದಲ್ಲಿ ಮುಗಿಸಲ್ಲ. ಬದಲಿಗೆ ಆ ಪೊರೆಗೆ ರಕ್ತನಾಳ ಬೆಳೆಯೋಕೆ, ನರ ಚಿಗುರೋಕೆ ಇವೇ ನೆರವಾಗೋ ಹಾಗೆ ಕಾಣುತ್ತೆ. ನೋವು ಹೆಚ್ಚೋಕೆ ಅದೂ ಒಂದು ಕಾರಣ. ಯಾಕೆ ಹೀಗೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ."

ಈಕೆ ಬಹಳ ಹೊತ್ತು ಕಣ್ಣು ಕೀಳಲಿಲ್ಲ. "ಕಾಯ್ಬೇಕಾದೋರೇ ಅದನ್ನ ಸಾಕಿದ್ರು," ಎನ್ನುತ್ತಾರೆ ಈಗ. "ಒಳಗೂ ಅಷ್ಟೇ, ಮನೇಲೂ ಅಷ್ಟೇ."

ಆ ಸ್ಲೈಡಿನ ಫೋಟೋ ತೆಗೆದು ಮನೆಯಲ್ಲಿ ತೋರಿಸಿದರು. ಗಂಡ ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ, ಏನಿದು, ಪರದೆ ಬಟ್ಟೆನಾ?" ಅಂದರು. ಅಂದಿನಿಂದ ಮನೆಯಲ್ಲಿ ಆ ವಿಷಯ ಎತ್ತಿಲ್ಲ. ಕರುಳಿಗೆ ಕಚ್ಚಿ ಉಳಿದ ಪೊರೆಯ ನೋವು ಇಂದಿಗೂ ಆಗಾಗ ಬರುತ್ತದೆ; ಬಂದರೆ ಮಾತ್ರೆ ನುಂಗಿ ಯಂತ್ರದೆದುರು ಕೂರುತ್ತಾರೆ.

ಕಳೆದ ತಿಂಗಳು ಅಕ್ಕನ ಮನೆಗೆ ಹೋದಾಗ ಅಕ್ಕನ ಮಗಳು ಹಾಸಿಗೆಯಲ್ಲಿ ಮುದುರಿ ಬಿದ್ದಿದ್ದಳು. "ಹೆಣ್ಣಾದ್ಮೇಲೆ ಇದ್ದದ್ದೇ," ಅಂದರು ಅಕ್ಕ. ಈಕೆ ಕೂರಲೂ ಇಲ್ಲ. ಹುಡುಗಿಯನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಕರೆತಂದರು. ಚಿಕಿತ್ಸೆ ಶುರುವಾಗಿದೆ. ಮದುವೆಯಾಗದ ಹುಡುಗಿಯ ಮರ್ಯಾದೆ ಬೀದಿಗೆ ತಂದಳೆಂದು ಅಕ್ಕ ಮಾತು ಬಿಟ್ಟಿದ್ದಾರೆ.

"ಬಿಟ್ರೆ ಬಿಡ್ಲಿ," ಎನ್ನುತ್ತಾರೆ, ಅಲಗು ಒರೆಸುತ್ತ. "ದಾರೀಲಿ ಆ ಮಗು, 'ಚಿಕ್ಕಮ್ಮಾ, ನಾನು ಸುಳ್ಳು ಹೇಳ್ತಿಲ್ಲ' ಅಂತ ಅಳ್ತಿತ್ತು. ಗೊತ್ತು ಕಣೇ ಅಂದೆ. ನಂಗೆ ಹಾಗನ್ನೋರು ಯಾರೂ ಇರ್ಲಿಲ್ಲ."