ದೇವರ ಕೋಣೆಯಲ್ಲಿ ಸರ್ವರ್, ಹೊಸ್ತಿಲಾಚೆ ನಾನು

ಹಲಸಿನ ಹಣ್ಣು ಬಿಡಿಸುವ ಹೊತ್ತಿಗೆ ಮನೆಗೆ ಯಾವ ಸುದ್ದಿಯೂ ಬರಬಾರದು. ಎರಡೂ ಕೈ ಮೇಣ. ಫೋನ್ ಎತ್ತುವ ಹಾಗಿಲ್ಲ, ಬಾಗಿಲು ತೆಗೆಯುವ ಹಾಗಿಲ್ಲ, ಮೂಗಿನ ಮೇಲೆ ಕೂತ ನೊಣ ಓಡಿಸುವ ಹಾಗೂ ಇಲ್ಲ. ಕಳೆದ ಗುರುವಾರ ಹಿತ್ತಲ ಜಗಲಿಯಲ್ಲಿ ನಾನು ಹಾಗೇ ಕೂತಿದ್ದೆ. ನಮ್ಮವರು ಆಫೀಸ್ ರೂಮಿನಿಂದ ಎದ್ದು ಬಂದರು.

"ಹ್ವಾಯ್, ಕಂಪ್ಯೂಟರಂಗೆ ಒಂದೂ ಬುಕಿಂಗ್ ಕಾಂತಿಲ್ಲ."

"ಕರೆಂಟ್ ಇತ್ತಾ ಕಾಣಿ."

"ಕರೆಂಟ್ ಹೋಯಿ, ಬಂದೂ ಆಯ್ತ್. ಬುಕಿಂಗ್ ಮಾತ್ರ ಬರ್ಲಿಲ್ಲ."

ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಮನೆ ಎಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ಪಾಯಸದ ಕಡಾಯಿಯ ತಳ ಸುಟ್ಟು ವಾಪಸ್ ಕೊಡುವವರ ಬಗ್ಗೆ ಹಿಂದೊಮ್ಮೆ ಬರೆದು ಬೈಸಿಕೊಂಡಿದ್ದೇನೆ.) ಬೈಂದೂರಿನಿಂದ ಕುಂದಾಪುರದವರೆಗೆ ಯಾರ ಅಂಗಳದಲ್ಲಿ ಯಾವತ್ತು ಚಪ್ಪರ ಏಳಬೇಕು ಎಂಬುದೆಲ್ಲ ಈಗ ಕಂಪ್ಯೂಟರಿನಲ್ಲಿ. ಆಫೀಸ್ ರೂಮಿನಲ್ಲೊಂದು, ಗೋದಾಮಿನಲ್ಲೊಂದು. ಎರಡಕ್ಕೂ ಮಾಹಿತಿ ಉಣಿಸುವ ಅಮ್ಮನ ಹಾಗೆ ಇನ್ನೊಂದು ಪೆಟ್ಟಿಗೆ. ಅದರ ಹೆಸರು ಸರ್ವರ್.

ಆ ಸರ್ವರ್ ಇರುವುದು ನಮ್ಮ ದೇವರ ಕೋಣೆಯಲ್ಲಿ.

ನಗಬೇಡಿ. ಕರೆಂಟ್ ಹೋದರೂ ದೇವರ ಮುಂದಿನ ಬಲ್ಬು ಆರಬಾರದು ಎಂದು ಇನ್ವರ್ಟರ್ ಇಟ್ಟದ್ದೇ ಆ ಕೋಣೆಯಲ್ಲಿ. ಚಪ್ಪಲಿ ಹೋಗದ, ದಿನಾ ಗುಡಿಸಿ ಒರೆಸುವ ಜಾಗ ಮನೆಯಲ್ಲಿ ಅದೊಂದೇ. ಸರ್ವರಿಗೆ ಧೂಳು ಆಗುವುದಿಲ್ಲವಂತೆ. ದೇವರಿಗೂ ಆಗುವುದಿಲ್ಲ. ಹಾಗಾಗಿ ಜೊತೆಯಾದರು. ಬೆಳಿಗ್ಗೆ ದೀಪ ಹಚ್ಚಿ, ಹೂ ಇಟ್ಟು, ಕೈ ಮುಗಿದು, ಆಮೇಲೆ ಪೆನ್ ಡ್ರೈವ್ ಸಿಕ್ಕಿಸಿ ಹಿಂದಿನ ದಿನದ ಬುಕಿಂಗುಗಳ ನಕಲು ತೆಗೆಯುವುದು ನನ್ನ ಕೆಲಸ. ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವುದೂ ನನ್ನದೇ.

ಆದರೆ ನಮಗೆ ಸೂತಕ ಬಂದಿತ್ತು. ಮುಂಬೈಯಲ್ಲಿದ್ದ ನಮ್ಮವರ ದಾಯಾದಿ ದೊಡ್ಡಪ್ಪ ತೀರಿಕೊಂಡಿದ್ದರು. ಅವರನ್ನು ನಾನು ಕಂಡದ್ದು ಮದುವೆಯ ಫೋಟೋದಲ್ಲಿ ಮಾತ್ರ. ಕಾಣದಿದ್ದರೇನು, ಸೂತಕ ಸೂತಕವೇ. ಅವತ್ತೇ ದೇವರ ಕೋಣೆಯ ಬಾಗಿಲು ಎಳೆದೆ. ದೀಪ ಇಲ್ಲ, ಹೂವಿಲ್ಲ. ಪೆನ್ ಡ್ರೈವೂ ಇಲ್ಲ, ಆ ವಾರ ಹಾಕಲೇಬೇಕಿದ್ದ ಬ್ಯಾಟರಿ ನೀರೂ ಇಲ್ಲ. ನಕಲು ಅಲ್ಲಿಗೇ ನಿಂತಿತು. ಕರೆಂಟ್ ಹೋದಾಗ ಒಣಗಿದ ಬ್ಯಾಟರಿ ಕೈಕೊಟ್ಟಿತು, ಸರ್ವರ್ ಧಪ್ಪೆಂದು ಆರಿತು.

"ಪೆನ್ ಡ್ರೈವಂಗೆ ಇಪ್ಪುದನ್ನೇ ಹಾಕುವ," ಎಂದೆ.

ನಮ್ಮವರು ತಲೆ ಮೇಲೆ ಕೈ ಇಟ್ಟುಕೊಂಡರು. "ಬಪ್ಪ ಐತಾರದ್ದ್ ಅದ್ರಂಗೆ ಇಲ್ಲ. ಸೂತ್ಕ ಬಂದ್ ಮೇಲೆ ಯಾರೋ ಹೆಂಗ್ಸ್ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ್ರ್, ಅದ್ರಂಗೆ ನಂಬರ್ ಕಾಂತಿಲ್ಲ. ಮಗಳ ಮದಿ, ಮನಿ ಅಂಗಳದಂಗೇ. ಹೆಸ್ರ್ ಟೈಪ್ ಮಾಡ್ದೆ. ಈಗ ನೆನ್ಪ್ ಬತ್ತಿಲ್ಲ."

"ಯಾವ್ ಊರ್?"

"ಅದೂ ಇಲ್ಲ."

ನನ್ನ ಕೈಯ ಮೇಣ ಹಾಗೇ ಒಣಗಿತು. ಎಲ್ಲೋ ಒಬ್ಬಳು ತಾಯಿ ಭಾನುವಾರದ ಚಪ್ಪರದ ಚಿಂತೆ ಮುಗಿಯಿತು ಎಂದು ಚಿನ್ನದ ಅಂಗಡಿಗೆ, ಸೀರೆ ಅಂಗಡಿಗೆ ಓಡಾಡುತ್ತಿದ್ದಾಳೆ. ಶನಿವಾರ ಬೆಳಿಗ್ಗೆ ಕಂಬ ಬರುತ್ತದೆ ಎಂದು ಅಂಗಳ ಸಾರಿಸಿ ಕಾಯುತ್ತಾಳೆ. ಕಂಬ ಬರುವುದಿಲ್ಲ. ಮದುವೆಯ ಸೀಸನ್ನಿನಲ್ಲಿ ಬೇರೆ ಯಾರ ಶಾಮಿಯಾನವೂ ಸಿಕ್ಕುವುದಿಲ್ಲ. ಮದುಮಗಳನ್ನು ಬಿಸಿಲಲ್ಲಿ ಕೂರಿಸುವುದಾ?

ಕಂಪ್ಯೂಟರ್ ಹಾಕಿಕೊಟ್ಟವಳು ಬ್ರಹ್ಮಾವರದ ಅಶ್ವಿನಿ. ಜಾಣೆ. ಆದರೆ ಅವಳು ಹೆತ್ತು, ಸಿದ್ದಾಪುರದ ಅಮ್ಮನ ಮನೆಯಲ್ಲಿ ಬಾಣಂತಿ! ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮೇಣಕ್ಕೆ ತೆಂಗಿನೆಣ್ಣೆ ತಿಕ್ಕಿ, ಕೈ ತೊಳೆದು ಲ್ಯಾಂಡ್‌ಲೈನಿಗೆ ಮಾಡಿದೆ. ಅವಳಮ್ಮ ಎತ್ತಿದರು.

"ಬಾಣಂತಿ ಫೋನಂಗೆ ಮಾತಾಡುಕಾಗ. ಕೆಮಿಗೆ ಹತ್ತಿ ಇಟ್ಟಿತ್ತ್. ತೆಗ್ದ್ರೆ ಗಾಳಿ ಹೊಕ್ಕತ್ತ್."

"ಒಂದೇ ಕೆಮಿದ್ ತೆಗ್ದ್ರೆ ಸಾಕ್ ಅಮ್ಮ," ಎಂದೆ. "ಯಾರ್ದೋ ಹೆಣ್ಣಿನ ಮದಿ ನಿಂತಿತ್ತ್."

ಮದುವೆ ಎಂದ ಮೇಲೆ ಯಾವ ತಾಯಿ ಬೇಡ ಎಂದಾಳು? ಒಂದು ಕಿವಿ ಬಿಡುಗಡೆಯಾಯಿತು.

ಇನ್ನು ನಮ್ಮ ಕಡೆಯ ತೊಡಕು. "ಮಷಿನ್ ಮುಟ್ಟುಕೆ ಎಂತ ಸೂತ್ಕ?" ಎಂದು ನಮ್ಮವರು ಬಾಗಿಲಿಗೆ ಕೈ ಹಾಕಿದರು.

"ಮಷಿನಿಗಿಲ್ಲ. ಕೋಣಿಗೆ ಇತ್ತ್," ಎಂದೆ.

ಇದೆಂಥ ಹಟ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೇಳಿ. ನಾನು ಪ್ರಪಂಚಕ್ಕೆ ಬುದ್ಧಿ ಹೇಳಲು ಹೊರಟವಳಲ್ಲ. ಅನುಕೂಲ ಇದ್ದಾಗ ಪಾಲಿಸಿ, ಕಷ್ಟ ಬಂದಾಗ ಬಿಡುವುದಾದರೆ ಅದಕ್ಕೆ ನಿಯಮ ಎನ್ನುವುದು ಯಾಕೆ? ಬೇರೆ ದಾರಿ ಇಲ್ಲವೆಂದಾದರೆ ತಪ್ಪುಕಾಣಿಕೆ ಹಾಕಿ ನಾನೇ ಒಳಗೆ ಹೋಗುತ್ತಿದ್ದೆ. ಆದರೆ ದಾರಿ ಇತ್ತು. ಬೇಲಿಯಾಚೆಗೇ ಇತ್ತು. ಹೆಸರು ಸುಶೀಲಕ್ಕ.

ಸುಶೀಲಕ್ಕ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು. ಅವರಿಗೆ ನಮ್ಮ ಸೂತಕ ಇಲ್ಲ. ಕರೆದ ಕೂಡಲೇ ಬರಲಿಲ್ಲ. ಮಿಂದು, ಒದ್ದೆ ತಲೆಗೆ ಟವಲ್ ಸುತ್ತಿ ಬಂದರು.

"ಕಂಪ್ಯೂಟರ್ ನಂಗ್ ಗೊತ್ತಿಲ್ಲ ಮಾರಾಯ್ತಿ. ಟೈಪ್ ಮಾಡ್ ಅಂದ್ರೆ ಮಾಡುವೆ."

"ಅಷ್ಟೇ ಸಾಕ್."

ಹೀಗೆ ಶುರುವಾಯಿತು ನಮ್ಮ ಕಾರ್ಯಾಗಾರ. ಸಿದ್ದಾಪುರದ ಬಾಣಂತಿ ಕೋಣೆಯಿಂದ ಅಶ್ವಿನಿ ಹೇಳಬೇಕು. ಚಾವಡಿಯಲ್ಲಿ ಫೋನ್ ಹಿಡಿದ ನಾನು ಹೊಸ್ತಿಲಿನ ಈಚೆಯಿಂದ ಕೂಗಬೇಕು. (ವಯರ್ ಅಷ್ಟೇ ಉದ್ದ.) ಒಳಗೆ ದೇವರಿಗೆ ಬೆನ್ನು ಹಾಕಬಾರದೆಂದು ಓರೆಯಾಗಿ ಕೂತ ಸುಶೀಲಕ್ಕ ಬಡಿಯಬೇಕು. ನಮ್ಮವರಿಗೆ ಕೆಲಸವಿಲ್ಲ. ಆಚೆ ಈಚೆ ನಡೆಯುತ್ತಿದ್ದರು.

ಪೆಟ್ಟಿಗೆಯೇನೋ ಎದ್ದಿದೆ, ಅದರೊಳಗೆ ಬುಕಿಂಗುಗಳನ್ನೆಲ್ಲ ಬರೆದಿಡುವ ಡೇಟಾಬೇಸ್ ಎದ್ದಿಲ್ಲ ಎಂದಳು ಅಶ್ವಿನಿ. ಗಂಡಸರು ಹಾಸಿಗೆಯಲ್ಲೇ ಎದ್ದು ಕೂತು ಕೆಳಗಿಳಿಯದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

"ಹೊಸ್ತಾಗಿ ಹಾಕುವನಾ?" ಎಂದು ನಮ್ಮವರು ಅಲ್ಲಿಂದಲೇ ಕೂಗಿದರು.

"ಎಂತದೂ ಮುಟ್ಟುಕಾಗ, ಕದಲ್ಸುಕಾಗ," ಎಂದಳು ಅಶ್ವಿನಿ. "ಮೊದ್ಲ್ ಇದ್ದದ್ದನ್ನ ಇದ್ದ್ ಹಾಂಗೇ ಬೇರೆ ಕಡಿಗೆ ಕಾಪಿ ಮಾಡ್ಕಣಿ. ಆಮೇಲೆ ರಿಪೇರಿ."

ಕಾಪಿ ಆಯಿತು. ಆರಿಹೋಗುವಾಗ ಡೇಟಾಬೇಸ್ ಏನನ್ನೋ ಬರೆಯುತ್ತಿತ್ತಂತೆ, ಅರ್ಧಕ್ಕೆ ನಿಂತಿದೆ, ಆ ಅರ್ಧವನ್ನು ಕಂಡು ಅದು ಹೆದರಿ ಏಳುತ್ತಿಲ್ಲ. ಅದರ ಸೆಟ್ಟಿಂಗಿನಲ್ಲಿ ರಿಕವರಿ ಎಂಬ ಒಂದು ಸಾಲು ಸೇರಿಸಿ, ಕೊನೆಗೆ ಒಂದು ಎಂಬ ಅಂಕಿ ಹಾಕಿದರೆ, ಹಾಳಾದದ್ದನ್ನು ನೋಡದ ಹಾಗೆ ಎದ್ದು ಬರುತ್ತದೆ. ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಕೂಗಿದೆ. ಸುಶೀಲಕ್ಕನ ಬೆರಳು ನಾನು ಕೂಗುವ ಮೊದಲೇ ಮುಗಿಸಿ ಕಾಯುತ್ತಿತ್ತು.

ಏಳಲಿಲ್ಲ.

ಮತ್ತೆ ಟೈಪ್ ಮಾಡಿಸಿದಳು. ಏಳಲಿಲ್ಲ. ಸ್ಕ್ರೀನಿನಲ್ಲಿರುವುದನ್ನು ಓದಿಸಿದಳು. ಎಲ್ಲ ಸರಿ ಇದೆ! ಅತ್ತ ಮಗು ಅಳತೊಡಗಿತು. "ಸಾಕ್ ಮಗಾ, ಹತ್ತಿ ಇಡ್," ಎಂದು ಅವಳಮ್ಮ. ನಮ್ಮವರು ನಡೆಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ಕೂತುಬಿಟ್ಟರು. "ಆ ಹೆಂಗ್ಸಿಗೆ ನಾನ್ ಎಂತ ಮುಖ ತೋರ್ಸುದ್?" ಎಂದರು. ಇಷ್ಟು ವರ್ಷದಲ್ಲಿ ಕೊಟ್ಟ ಮಾತಿಗೆ ಚಪ್ಪರ ತಪ್ಪಿಸಿದವರಲ್ಲ ಅವರು. ನಾನು ಮುಚ್ಚಿದ ಬಾಯಲ್ಲೇ ದೇವರನ್ನು ಕರೆದೆ. ಹೊರಗೇ ನಿಂತಿದ್ದೆ, ಆದರೆ ಕರೆಯುವುದಕ್ಕೆ ಸೂತಕ ಇಲ್ಲವಲ್ಲ.

ಆಗ ಅಶ್ವಿನಿ ಒಂದು ಪ್ರಶ್ನೆ ಕೇಳಿದಳು. "ಅಕ್ಕಾ, ಒಂದ್ ಹಾಕುಕೆ ಅವ್ರ್ ಯಾವ ಕೀ ಒತ್ತಿರ್ ಕೇಣಿ."

ಕೇಳಿದೆ.

"ಎಲ್," ಎಂದರು ಸುಶೀಲಕ್ಕ. "ನಮ್ಮ್ ಆಫೀಸಿನ ಟೈಪ್ ಮಷಿನಂಗೆ ಒಂದ್ರ ಕೀಯೇ ಇರ್ಲಿಲ್ಲ. ಚಿಕ್ಕ ಎಲ್ ಹೊಡ್ದ್ರೆ ಅದೇ ಒಂದ್. ಸರ್ಕಾರ ಯಾವತ್ತೂ ತಕ್ರಾರ್ ಮಾಡ್ಲಿಲ್ಲ."

ಫೋನಿನಲ್ಲಿ ಅಶ್ವಿನಿ ಬಿದ್ದು ಬಿದ್ದು ನಕ್ಕಳು. "ನಗಾಡ್ಬೇಡ, ಹೊಟ್ಟಿಗೂ ಗಾಳಿ ಹೊಕ್ಕತ್ತ್," ಎಂದು ಅವಳಮ್ಮ ಗದರಿದ್ದು ನನಗೂ ಕೇಳಿತು. ನಮ್ಮ ಕಣ್ಣಿಗೆ ಎರಡೂ ಒಂದೇ ಗೆರೆ, ಕಂಪ್ಯೂಟರಿಗೆ ಬೇರೆ ಬೇರೆಯಂತೆ. ಸುಶೀಲಕ್ಕ ಎಲ್ ಅಳಿಸಿ, ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಹುಡುಕಿ ಒಂದರ ಕೀ ಒತ್ತಿದರು.

ಎದ್ದಿತು. ಈಗ ಅದರಲ್ಲಿ ಹೊಸತೇನೂ ಬರೆಯಬಾರದು, ಇರುವುದನ್ನೆಲ್ಲ ಹೊರಗೆ ತೆಗೆದು, ಹೊಸದೊಂದು ಮಾಡಿ ಅದಕ್ಕೆ ತುಂಬಬೇಕು ಎಂದಳು. ಮಗುವಿಗೆ ಹಾಲು ಕುಡಿಸಿ ಬಂದು ಅದನ್ನೂ ಮಾಡಿಸಿದಳು. ಆಫೀಸ್ ರೂಮಿನಿಂದ ನಮ್ಮವರ ದನಿ ಬಂತು. "ಗುಲಾಬಿ. ಉಪ್ಪುಂದ. ಶಾಲಿ ಹಿಂದಿನ ಮನಿ."

ತಡೆಯಲಾರದೆ ಆ ಕ್ಷಣವೇ ಅಲ್ಲಿದ್ದ ನಂಬರು ನೋಡಿ ಗುಲಾಬಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಕಡೆ ಮನೆ ತುಂಬ ಜನ, ಮಕ್ಕಳ ಗಲಾಟೆ.

"ಶನಿವಾರ ಬೆಳಿಗ್ಗೆ ಕಂಬ ತಕಂಡ್ ಬತ್ತ್ರ್ ಅಂದೇಳಿ ಹೇಳುಕೆ ಮಾಡ್ದೆ," ಎಂದರು ನಮ್ಮವರು.

"ಅದ್ ಅವತ್ತೇ ಹೇಳಿದ್ರಿ ಅಲ್ದಾ? ನಾನ್ ಅದ್ರ್ ಚಿಂತಿ ಬಿಟ್ಟೇ ಆಯ್ತ್. ಎಂತಾರೂ ತೊಂದ್ರಿ ಇತ್ತಾ?"

"ಎಂತ ಇಲ್ಲ. ಸುಮ್ನೆ ಮಾಡ್ದೆ."

ಸುಶೀಲಕ್ಕ ಕಾಫಿ ಬೇಡವೆಂದು ತಲೆ ಒಣಗಿಸಲು ಹೋದರು. ಅಶ್ವಿನಿಯ ಕಿವಿಗೆ ಹತ್ತಿ ವಾಪಸಾಗಿರಬೇಕು. ನಾನು ನಾಳೆಯ ದೋಸೆಗೆ ಅಕ್ಕಿ ನೆನೆಹಾಕಲು ಒಳಗೆ ಹೋದೆ. ಅಕ್ಕಿ ತೊಳೆಯುತ್ತ, ಇಷ್ಟು ದಿನ ದೇವರಿಗೆ ಧನ್ಯವಾದ ಹೇಳುವಾಗ ಕಣ್ಣಿಗೆ ಕಂಡ ಉಪಕಾರಗಳನ್ನಷ್ಟೇ ಲೆಕ್ಕ ಹಾಕುತ್ತಿದ್ದೆನಲ್ಲ ಅನ್ನಿಸಿತು. ಗುಲಾಬಿಯ ಹಾಗೆ ನಾನೂ ಚಿಂತೆ ಬಿಟ್ಟು ಕೂತಿದ್ದ ಎಷ್ಟು ದಿನ, ಯಾರ್ಯಾರು ನನಗಾಗಿ ನಮ್ಮವರ ಹಾಗೆ ಗೋಡೆಗೆ ಒರಗಿ ಕೂತಿದ್ದರೋ?